ಅಂಟು ಹಚ್ಚುವ ಮುಂಚೆ ಒಮ್ಮೆ ಕೂಡಿಸಿ ನೋಡಿ

ಯುದ್ಧ ವಿಮಾನ, ಟ್ಯಾಂಕುಗಳ ಪ್ಲಾಸ್ಟಿಕ್ ಮಾಡೆಲ್ ಕಿಟ್ ಕಟ್ಟುವ ಓದುಗರಿಂದ ಬಂದ ಐದು ಪ್ರಶ್ನೆಗಳಿಗೆ ಈ ಸಲ ಉತ್ತರ. 1/72 ಅಂದರೆ ಮಾಡೆಲ್ ನಿಜವಾದದ್ದರ 72ನೇ ಒಂದು ಪಾಲು; 1/48, 1/35 ಕೂಡ ಹಾಗೆಯೇ.

ನನ್ನ ತಂದೆ ವಾಯುಪಡೆಯಲ್ಲಿ ನ್ಯಾಟ್ ವಿಮಾನಗಳ ಮೆಕ್ಯಾನಿಕ್ ಆಗಿದ್ದರು. ಅವರ 80ನೇ ಹುಟ್ಟುಹಬ್ಬಕ್ಕೆ ಅದರ ಮಾಡೆಲ್ ಕಟ್ಟಿ ಕೊಡುವ ಆಸೆ. ಏರ್‌ಫಿಕ್ಸ್ ಕಂಪನಿಯ 1/72 ನ್ಯಾಟ್ ಕಿಟ್ ನೋಡಿದ್ದೇನೆ. ಭಾರತದ ಬಣ್ಣ ಹಚ್ಚಿದರೆ ಸಾಕಲ್ವಾ? – ದಾವಣಗೆರೆಯಿಂದ

ಸಾಕಾಗುವುದಿಲ್ಲ. ಡಬ್ಬಿಯ ಮೇಲಿನ ಚಿತ್ರ ನೋಡಿದ ಕೂಡಲೇ ನಿಮ್ಮ ತಂದೆ 'ಇದು ನಮ್ಮದಲ್ಲ' ಅನ್ನುತ್ತಾರೆ. ಏರ್‌ಫಿಕ್ಸ್ ಮಾಡಿರುವ ಆ ಕಿಟ್ ನ್ಯಾಟ್ ಟಿ.1. ಅದು ಬ್ರಿಟನ್ನಿನ ಎರಡು ಸೀಟಿನ ತರಬೇತಿ ವಿಮಾನ. ಅಲ್ಲಿನ ರೆಡ್ ಆ್ಯರೋಸ್ ತಂಡ ಕೆಂಪು ಬಣ್ಣದಲ್ಲಿ ಹಾರಿಸುತ್ತಿದ್ದದ್ದು ಇದನ್ನೇ. ನಮ್ಮ ವಾಯುಪಡೆಯದು ಒಂದೇ ಸೀಟಿನ ಫೈಟರ್. ಬೆಂಗಳೂರಿನ ಎಚ್‌ಎಎಲ್‌ನಲ್ಲಿ ತಯಾರಾಗುತ್ತಿದ್ದದ್ದೂ ಅದೇ. 1971ರ ಡಿಸೆಂಬರ್ 14ರಂದು ಶ್ರೀನಗರದ ಮೇಲೆ ಪಾಕಿಸ್ತಾನದ ಸೇಬರ್ ವಿಮಾನಗಳ ಜೊತೆ ಒಬ್ಬರೇ ಸೆಣಸಿ ಪರಮವೀರ ಚಕ್ರ ಪಡೆದ ನಿರ್ಮಲ್ ಜಿತ್ ಸಿಂಗ್ ಸೆಖೋಂ ಹಾರಿಸುತ್ತಿದ್ದದ್ದೂ ಅದೇ.

ಸೀಟೊಂದೇ ವ್ಯತ್ಯಾಸ ಅಲ್ಲ. ಟ್ರೈನರಿನ ಮೈ ಉದ್ದ, ಬಾಲ ದೊಡ್ಡದು, ರೆಕ್ಕೆಯೂ ದೊಡ್ಡದು. ಫೈಟರಿನ ರೆಕ್ಕೆ ಈ ತುದಿಯಿಂದ ಆ ತುದಿಗೆ ಸುಮಾರು 6.7 ಮೀಟರ್, ಟ್ರೈನರಿನದು ಸುಮಾರು 7.3. ಮಾಡೆಲ್‌ನಲ್ಲೂ ಹೆಚ್ಚುಕಡಿಮೆ 8 ಮಿಲಿಮೀಟರ್ ವ್ಯತ್ಯಾಸ ಬೀಳುತ್ತದೆ. ಕೊಯ್ದು, ಉಜ್ಜಿ ಸರಿಮಾಡುವ ಕೆಲಸ ಅಲ್ಲ ಅದು.

ನಿಮಗೆ ಬೇಕಾದ್ದು ಜೆಕ್ ದೇಶದ ಸ್ಪೆಷಲ್ ಹಾಬಿ ಕಂಪನಿಯ 1/72 ನ್ಯಾಟ್ ಫೈಟರ್. ನ್ಯಾಟ್‌ನಿಂದಲೇ ಎಚ್‌ಎಎಲ್ ಬೆಳೆಸಿದ ಅಜೀತ್ ವಿಮಾನದ ಕಿಟ್ಟನ್ನೂ ಅವರು ಮಾಡಿದ್ದಾರೆ. ತಂದೆ ಯಾವುದರ ಮೇಲೆ ಕೆಲಸ ಮಾಡಿದ್ದರು ಅಂತ ಕೊಳ್ಳುವ ಮುಂಚೆ ಸುಮ್ನೆ ಮಾತಿನ ಮಧ್ಯೆ ಕೇಳಿಬಿಡಿ. ಯಾವ ಸ್ಕ್ವಾಡ್ರನ್, ಬಾಲದ ಮೇಲೆ ಏನು ನಂಬರ್ ಅಂತಲೂ ಕೇಳಿ. ಹಳೇ ಫೋಟೋ ಇದ್ದರೆ ಇನ್ನೂ ಒಳ್ಳೇದು. ಬೆಂಗಳೂರಿಗೆ ಬಂದರೆ ಎಚ್‌ಎಎಲ್ ಹೆರಿಟೇಜ್ ಸೆಂಟರ್‌ನಲ್ಲಿ ಅಜೀತ್ ನಿಂತಿದೆ. ಅವರನ್ನೂ ಕರೆದುಕೊಂಡು ಹೋಗಿ. ಚಕ್ರದ ಗೂಡಿನ ಒಳಗೆ ಏನೇನಿದೆ ಅಂತ ಅವರು ತೋರಿಸುವಷ್ಟು ಯಾವ ಪುಸ್ತಕವೂ ತೋರಿಸುವುದಿಲ್ಲ.

ಕಟ್ಟುವಾಗ ಒಂದು ಎಚ್ಚರಿಕೆ. ನ್ಯಾಟ್ ಮೂತಿಯ ಕೆಳಗೆ ಒಂದು, ಹೊಟ್ಟೆಯ ಕೆಳಗೆ ಎರಡು ಚಕ್ರದ ಮೇಲೆ ನಿಲ್ಲುತ್ತದೆ. ಮೂತಿಯೊಳಗೆ ಭಾರ ಇಡದಿದ್ದರೆ ಮಾಡೆಲ್ ಬಾಲದ ಮೇಲೆ ಕೂತುಬಿಡುತ್ತದೆ. ಗಾಳಕ್ಕೆ ಕಟ್ಟುವ ಸೀಸದ ಗುಂಡನ್ನು ಫೆವಿಕಾಲ್ ಹಾಕಿ ಕೂರಿಸಬೇಡಿ. ಬಿಳಿ ಅಂಟಿಗೂ ಸೀಸಕ್ಕೂ ಆಗಿಬರುವುದಿಲ್ಲ. ಸೀಸ ನಿಧಾನಕ್ಕೆ ಬಿಳಿ ಪುಡಿಯಾಗಿ ಉಬ್ಬುತ್ತದೆ, ಕೆಲವು ವರ್ಷದ ಮೇಲೆ ಮೈಯ ಜೋಡಣೆಯೇ ಬಿಟ್ಟುಕೊಳ್ಳಬಹುದು. ಸೈಕಲ್ ರಿಪೇರಿ ಅಂಗಡಿಯಲ್ಲಿ ಬೇರಿಂಗಿನ ಉಕ್ಕಿನ ಗುಂಡು ಸಿಗುತ್ತವೆ. ಅವನ್ನು ಎಪಾಕ್ಸಿ ಅಂಟಿನಲ್ಲಿ ಕೂರಿಸಿ.

ಡೀಕಾಲ್ (ನೀರಿನಲ್ಲಿ ನೆನೆಸಿ ಅಂಟಿಸುವ ಗುರುತು, ನಂಬರ್‌ಗಳ ತೆಳು ಚಿತ್ರ) ಅಂಟಿಸಿ ಒಣಗಿದ ಮೇಲೆ ಸುತ್ತ ಬೆಳ್ಳಿಯ ಹಾಗೆ ಹೊಳೆಯುತ್ತದೆ. ಎಷ್ಟು ಒತ್ತಿದರೂ ಹೋಗಲ್ಲ. ನಮ್ಮೂರಿನ ತೇವದ ಗಾಳಿಯಿಂದ ಹೀಗೆ ಆಗುತ್ತದೆಯೇ? – ಮಂಗಳೂರಿನಿಂದ

ತೇವದ ತಪ್ಪಲ್ಲ, ಕೆಳಗಿನ ಬಣ್ಣದ್ದು. ಹೊಳಪಿಲ್ಲದ ಮ್ಯಾಟ್ ಬಣ್ಣ ಕಣ್ಣಿಗೆ ನುಣುಪಾಗಿ ಕಂಡರೂ ಅದರ ಮೇಲ್ಮೈ ಉಪ್ಪುಕಾಗದದ ಹಾಗೆ ತರಿತರಿ. ಡೀಕಾಲಿನ ತೆಳು ಪೊರೆ ಆ ಗುಂಡಿಗಳೊಳಗೆ ಇಳಿಯದೆ ಮೇಲೆಯೇ ಹಾಸಿಕೊಳ್ಳುತ್ತದೆ. ಅಡಿಯಲ್ಲಿ ಗಾಳಿ ಉಳಿಯುತ್ತದೆ. ನಿಮಗೆ ಬೆಳ್ಳಿಯ ಹಾಗೆ ಕಾಣುವುದು ಆ ಗಾಳಿ.

ಹಾಗಾಗಿ ಮೊದಲು ಹೊಳಪಿನ ವಾರ್ನಿಶ್ ಒಂದು ಪದರ, ಅದು ಪೂರ್ತಿ ಒಣಗಿದ ಮೇಲೆ ಡೀಕಾಲ್. ಡೀಕಾಲ್ ಚೆನ್ನಾಗಿ ಅಂಟಲು ಮೈಕ್ರೋ ಸೆಟ್ ಅನ್ನುವ ದ್ರವ ಅಡಿಗೆ, ಅದನ್ನು ಮೆತ್ತಗಾಗಿಸುವ ಮೈಕ್ರೋ ಸೋಲ್ ಮೇಲೆ ಹಚ್ಚಿ. ಎರಡನೆಯದು ಹಚ್ಚಿದ ಕೂಡಲೇ ಡೀಕಾಲ್ ಸುಕ್ಕುಗಟ್ಟುತ್ತದೆ, ಹೆದರಬೇಡಿ. ಬೆರಳು ತಾಗಿಸದೆ ಬಿಟ್ಟರೆ ತಾನೇ ಚಪ್ಪಟೆಯಾಗಿ ಗೆರೆಗಳೊಳಗೆ ಇಳಿಯುತ್ತದೆ. ಕೊನೆಗೆ ಮ್ಯಾಟ್ ವಾರ್ನಿಶ್ ಹೊಡೆದರೆ ಅಂಚು ಮಾಯ. ಈಗಾಗಲೇ ಹೊಳೆಯುತ್ತಿರುವ ಕಡೆ ಸೂಜಿಮೊನೆಯಿಂದ ಸಣ್ಣ ಸಣ್ಣ ತೂತು ಚುಚ್ಚಿ ಮೈಕ್ರೋ ಸೋಲ್ ಬಿಡಿ. ಎರಡು ಮೂರು ಸಲ ಮಾಡಿದರೆ ಬಹಳಷ್ಟು ಹೋಗುತ್ತದೆ.

ನಿಮ್ಮೂರಿನ ಮಳೆಗಾಲ ಕೈಕೊಡುವುದು ಬೇರೆ ಕಡೆ. ಸ್ಪ್ರೇ ಕ್ಯಾನಿನ ಲ್ಯಾಕರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ನೀರನ್ನು ಎಳೆದುಕೊಳ್ಳುತ್ತದೆ, ಹಾಲಿನ ಹಾಗೆ ಬೆಳ್ಳಗಾಗುತ್ತದೆ. ಜೋರು ಮಳೆಯ ದಿನ ಲ್ಯಾಕರ್ ಮುಟ್ಟಬೇಡಿ. ಆ ದಿನಗಳನ್ನು ಕಾಕ್‌ಪಿಟ್ಟಿಗೆ ಬ್ರಷ್ ಹಿಡಿಯಲು ಇಟ್ಟುಕೊಳ್ಳಿ.

ಟ್ಯಾಂಕ್ ಕಿಟ್‌ಗಳೆಲ್ಲ 1/35 ಯಾಕೆ? ಈ ಲೆಕ್ಕ ಯಾವುದಕ್ಕೂ ಹೊಂದುವುದಿಲ್ಲ. – ಹುಬ್ಬಳ್ಳಿಯಿಂದ

1/72 ಅಂದರೆ ಒಂದು ಇಂಚಿಗೆ ಆರು ಅಡಿ. 1/48 ಅಂದರೆ ಕಾಲು ಇಂಚಿಗೆ ಒಂದು ಅಡಿ. ಇವು ಅಡಿ-ಇಂಚಿನ ಲೆಕ್ಕದಿಂದ ಬಂದವು. 1/35 ಹುಟ್ಟಿದ್ದು ಬ್ಯಾಟರಿಯಿಂದ. ಜಪಾನಿನ ತಮಿಯಾ 1960ರ ದಶಕದ ಶುರುವಿನಲ್ಲಿ ಮೋಟಾರಿನಿಂದ ಓಡುವ ಪ್ಯಾಂಥರ್ ಟ್ಯಾಂಕಿನ ಕಿಟ್ ಮಾಡಿತು. ಒಳಗೆ ಬ್ಯಾಟರಿ ಹಿಡಿಸುವಷ್ಟು ಅಗಲ ಬೇಕಿತ್ತು. ಅಳೆದು ನೋಡಿದರೆ ಸುಮಾರು 1/35 ಬಂತು. ಕಿಟ್ ಚೆನ್ನಾಗಿ ಮಾರಾಟವಾಯಿತು, ಮುಂದಿನವೂ ಅದೇ ಅಳತೆಯಲ್ಲಿ ಬಂದವು, ಬೇರೆ ಕಂಪನಿಗಳೂ ಹಿಂಬಾಲಿಸಿದವು.

ಅಂಕಲ್, ಫೆವಿಕ್ವಿಕ್ ಹಾಕಿ ಕಾಕ್‌ಪಿಟ್ ಗಾಜು ಅಂಟಿಸಿದೆ. ರಾತ್ರಿ ಕಳೆಯುವಷ್ಟರಲ್ಲಿ ಗಾಜೆಲ್ಲ ಬೆಳ್ಳಗಾಯಿತು. ಏನು ಮಾಡಲಿ? – ಶಿವಮೊಗ್ಗದ 8ನೇ ಕ್ಲಾಸ್ ಹುಡುಗ

ಬೇಜಾರಾಗಬೇಡ ಮರಿ. ಆ ಅಂಟಿನ ಆವಿ ಗಾಜಿನ ಮೇಲೆ ಕೂತು ಬೆಳ್ಳಗಾಗಿದೆ. ಹೊರಗಡೆ ಕೂತಿದ್ದರೆ ಮೆತ್ತನೆ ಬಟ್ಟೆಗೆ ಒಂಚೂರು ಬಿಳಿ ಟೂತ್‌ಪೇಸ್ಟ್ ಹಚ್ಚಿ ನಿಧಾನಕ್ಕೆ ತಿಕ್ಕು. ಒಳಗಡೆ ಕೂತಿದ್ದರೆ ಗಾಜನ್ನು ಬಿಡಿಸಲೇಬೇಕು. ಅದನ್ನು ದೊಡ್ಡವರ ಕೈಲಿ ಮಾಡಿಸು, ಬ್ಲೇಡ್ ಜಾರುತ್ತದೆ. ಇನ್ನು ಮೇಲೆ ಗಾಜಿಗೆ ಬಿಳಿ ಫೆವಿಕಾಲ್ ಮಾತ್ರ. ಕಡ್ಡಿ ತುದಿಯಲ್ಲಿ ಸ್ವಲ್ಪ ತೆಗೆದುಕೊಂಡು ಅಂಚಿಗೆ ಹಚ್ಚಬೇಕು. ಒಣಗಿದರೆ ಕಾಣುವುದೇ ಇಲ್ಲ, ಜಾಸ್ತಿ ಆದದ್ದು ಒದ್ದೆ ಬಟ್ಟೆಗೆ ಬಂದುಬಿಡುತ್ತದೆ.

ಮಿಗ್-21 ನಿವೃತ್ತಿಯಾದ ನೆನಪಿಗೆ 1/48 ಮಿಗ್-21 ಬಿಸ್ ಕಿಟ್ ಕೊಂಡೆ. ಅದರ ಬಗ್ಗೆ ಕನ್ನಡದಲ್ಲಿ ಒಂದು ವಿಮರ್ಶೆ ಬರೆಯಬೇಕು ಅಂತಿದೆ. ಡಬ್ಬಿ ತೆರೆದು ನೋಡಿ ಬರೆದರೆ ಸಾಕೇ, ಕಟ್ಟಿಯೇ ಬರೆಯಬೇಕೇ? – ಧಾರವಾಡದಿಂದ

ಖಂಡಿತ ಬರೆಯಿರಿ. 2025ರ ಸೆಪ್ಟೆಂಬರ್ 26ರಂದು ಚಂಡೀಗಡದಲ್ಲಿ ಆ ವಿಮಾನಕ್ಕೆ ಬೀಳ್ಕೊಡುಗೆ ಆದಾಗಿನಿಂದ ಅದರ ಕಿಟ್ ಬಗ್ಗೆ ಕೇಳುವವರು ನನಗೂ ಜಾಸ್ತಿ ಸಿಗುತ್ತಿದ್ದಾರೆ. ಕಟ್ಟಿದ ಮೇಲೆ ಬರೆದರೆ ಅದಕ್ಕಿಂತ ಒಳ್ಳೇದು ಇನ್ನೊಂದಿಲ್ಲ. ಅಷ್ಟು ಕಾಯಲಾಗದಿದ್ದರೂ ಅಂಟು ಹಚ್ಚದೆ ಒಮ್ಮೆ ಕೂಡಿಸಿಯಾದರೂ ನೋಡಿ. ಭಾಗಗಳು ಅಂಟಿಕೊಂಡಿರುವ ಪ್ಲಾಸ್ಟಿಕ್ ಚೌಕಟ್ಟಿನ ಫೋಟೋ ಹಾಕಿ 'ಡೀಟೇಲ್ ಅದ್ಭುತ' ಅಂತ ಬರೆದದ್ದನ್ನು ನಂಬಿ ನಾನೂ ಒಂದು ಕಿಟ್ ಕೊಂಡಿದ್ದೆ. ಫೋಟೋದಲ್ಲಿ ಪ್ರತಿ ರಿವೆಟ್ ಕಾಣುತ್ತಿತ್ತು. ರೆಕ್ಕೆ ಕೂಡಿಸಿದಾಗ ಬುಡದಲ್ಲಿ ಪೋಸ್ಟ್‌ಕಾರ್ಡ್ ತೂರುವಷ್ಟು ಸಂದು. ಎರಡು ವಾರ ಪುಟ್ಟಿ ಹಾಕಿ ಉಜ್ಜುವಷ್ಟರಲ್ಲಿ ಆ ರಿವೆಟ್‌ಗಳೆಲ್ಲ ಅಳಿಸಿಹೋದವು. ಕಿಟ್ ಹೇಗಿದೆ ಅನ್ನುವುದು ಕೈಗೆ ಗೊತ್ತಾಗಬೇಕು.

ನಾನು ಒಂದು ಸಂಜೆಯಲ್ಲಿ ನೋಡುವ ರೀತಿ ಹೇಳುತ್ತೇನೆ. ಮೈಯ ಎರಡು ಹೋಳು, ರೆಕ್ಕೆ, ಬಾಲ ಇಷ್ಟನ್ನೇ ನಿಪ್ಪರ್‌ನಿಂದ ಕತ್ತರಿಸಿಕೊಳ್ಳಿ. ಭಾಗಕ್ಕೆ ಒತ್ತಿ ಕತ್ತರಿಸಬೇಡಿ, ಚೌಕಟ್ಟಿನ ಕಡ್ಡಿ ಸ್ವಲ್ಪ ಬಿಟ್ಟು ಕತ್ತರಿಸಿ ಉಳಿದದ್ದನ್ನು ಬ್ಲೇಡಿನಿಂದ ಸವರಿ. ಮಾಸ್ಕಿಂಗ್ ಟೇಪ್ ಸುತ್ತಿ ಜೋಡಿಸಿ, ರೆಕ್ಕೆಯ ಬುಡಕ್ಕೆ ತೆಳು ಕಾಗದ ತೂರಿಸಿ ನೋಡಿ. ಕಾಗದ ಹೋದರೆ ಎಲ್ಲಿಂದ ಎಲ್ಲಿವರೆಗೆ ಅಂತ ಬರೆದುಕೊಳ್ಳಿ. ಆಮೇಲೆ ಸ್ಕೇಲ್ ಇಡಿ. ಮಿಗ್-21ರ ರೆಕ್ಕೆ ಈ ತುದಿಯಿಂದ ಆ ತುದಿಗೆ 7.15 ಮೀಟರ್, 1/48ರಲ್ಲಿ 14.9 ಸೆಂಟಿಮೀಟರ್ ಬರಬೇಕು. ಒಂದು ಮಿಲಿಮೀಟರ್ ಆಚೀಚೆ ಆದರೆ ನಾನು ತಲೆಕೆಡಿಸಿಕೊಳ್ಳುವುದಿಲ್ಲ. ಬೆನ್ನಿನ ಆಕಾರ ತಪ್ಪಿದ್ದರೆ ಮಾತ್ರ ಬಿಡುವುದಿಲ್ಲ. ಮಿಗ್-21ರ ತಳಿಗಳನ್ನು ಗುರುತಿಸುವುದೇ ಕಾಕ್‌ಪಿಟ್ ಹಿಂದಿನ ಆ ಬೆನ್ನಿನಿಂದ. ಮೊದಮೊದಲು ಬಂದ ಎಫ್‌ಎಲ್‌ಗೆ ಸಣ್ಣದು, ಬಿಸ್‌ಗೆ ದಪ್ಪ. ಎಫ್‌ಎಲ್‌ಗೆ ಹೊಟ್ಟೆಯೊಳಗೆ ಗನ್ ಇರಲಿಲ್ಲ, ಬಿಸ್‌ಗೆ ಇತ್ತು. ನಿಮ್ಮ ಡಬ್ಬಿಯ ಹೆಸರಿಗೂ ಒಳಗಿನ ಪ್ಲಾಸ್ಟಿಕ್‌ಗೂ ತಾಳೆ ಇದೆಯಾ ಅಂತ ಇಲ್ಲೇ ಗೊತ್ತಾಗುತ್ತದೆ.

ಮೇಲ್ಮೈ ನೋಡಲು ಕೋಣೆಯ ದೀಪ ಆರಿಸಿ ಮೊಬೈಲ್ ಟಾರ್ಚನ್ನು ಅಡ್ಡಕ್ಕೆ ಹಿಡಿಯಿರಿ. ಹಿಂದುಗಡೆ ಪ್ಲಾಸ್ಟಿಕ್ ದಪ್ಪವಿದ್ದ ಕಡೆ ಅದು ತಡವಾಗಿ ತಣ್ಣಗಾಗಿ ಒಳಗೆ ಕುಗ್ಗಿರುತ್ತದೆ. ನೇರ ಬೆಳಕಿನಲ್ಲಿ ಕಾಣದ ಗುಳಿ ಈಗ ನೆರಳಾಗಿ ಎದ್ದು ಕಾಣುತ್ತದೆ. ಅಚ್ಚಿನಿಂದ ಹೊರಗೆ ತಳ್ಳುವ ಪಿನ್ನಿನ ದುಂಡು ಗುರುತು ಎಲ್ಲ ಕಿಟ್‌ನಲ್ಲೂ ಇರುತ್ತದೆ. ಮುಚ್ಚಿಹೋಗುವ ಕಡೆ ಇದ್ದರೆ ಚಿಂತೆಯಿಲ್ಲ. ಚಕ್ರದ ಗೂಡಿನಲ್ಲಿ ಇದ್ದರೆ ಬರೆಯಲೇಬೇಕು, ಯಾಕೆಂದರೆ ಅಲ್ಲಿ ಉಜ್ಜುಕಾಗದ ಹಿಡಿದ ಬೆರಳು ಹೋಗುವುದಿಲ್ಲ.

ಪ್ಯಾನೆಲ್ ಗೆರೆಗಳ, ಅಂದರೆ ವಿಮಾನದ ಮೈಯ ತಗಡುಗಳು ಕೂಡುವ ಕಡೆ ಕಾಣುವ ಗೆರೆಗಳ ಬಗ್ಗೆ ಒಂದು ಲೆಕ್ಕ ಹೇಳುತ್ತೇನೆ. 1/48ರಲ್ಲಿ ಗೆರೆಯ ಅಗಲ 0.2 ಮಿಲಿಮೀಟರ್ ಇದ್ದರೆ ನಿಜವಾದ ವಿಮಾನದ ಮೇಲೆ ಅದು ಸುಮಾರು ಒಂದು ಸೆಂಟಿಮೀಟರ್ ಬಿರುಕು. ಅಂಥ ವಿಮಾನ ಯಾರು ಹಾರಿಸುತ್ತಾರೆ? ಆಳವಾದ ಗೆರೆ ನೋಡಿ ಹೊಗಳುವ ಅಭ್ಯಾಸ ಬಹಳ ಕಡೆ ಇದೆ, ನನಗದು ಒಪ್ಪಿಗೆಯಿಲ್ಲ. ಅದೇ ಥರ ಹಳೇ ಕಿಟ್‌ಗಳ ಉಬ್ಬುಗೆರೆ ಕಂಡು ಮೂಗು ಮುರಿಯುವುದೂ ಸರಿಯಲ್ಲ. ತೆಳುವಾದ ಉಬ್ಬುಗೆರೆಯ ಮೇಲೆ ಬಣ್ಣ ಕೂತಾಗ ಬಹಳ ಚೆಂದ ಕಾಣುತ್ತದೆ.

ಅಚ್ಚು ಎಷ್ಟು ಹಳೆಯದು ಅಂತಲೂ ಬರೆಯಿರಿ. ಹೊಸ ಡಬ್ಬಿಯಲ್ಲಿ ಹಳೇ ಪ್ಲಾಸ್ಟಿಕ್ ಬರುವುದು ಈ ವ್ಯಾಪಾರದಲ್ಲಿ ಮಾಮೂಲು. ಬೇರೆ ಕಂಪನಿಯ ಅಚ್ಚೂ ಬರುತ್ತದೆ: ತಮಿಯಾ ಹೆಸರಿನ ಎಷ್ಟೋ 1/72 ವಿಮಾನಗಳು ಮೂಲದಲ್ಲಿ ಇಟಲಿಯ ಇಟಲೆರಿಯವು. ಸ್ಕೇಲ್‌ಮೇಟ್ಸ್ ಅನ್ನುವ ಜಾಲತಾಣದಲ್ಲಿ ಬಹಳಷ್ಟು ಕಿಟ್‌ಗಳ ವಂಶಾವಳಿ ಸಿಗುತ್ತದೆ. ಓದುವವರು ದುಡ್ಡು ಕೊಡುವವರು, ಇದು ಅವರಿಗೆ ಗೊತ್ತಿರಬೇಕು.

ಡೀಕಾಲ್ ಹಾಳೆಯಲ್ಲಿ ನಮ್ಮ ವಾಯುಪಡೆಯ ಚಕ್ರವನ್ನು ಭೂತಗನ್ನಡಿ ಹಿಡಿದು ನೋಡಿ. ಹೊರಗೆ ಕೇಸರಿ, ನಡುವೆ ಬಿಳಿ, ಒಳಗೆ ಹಸಿರು. ಬಿಳಿ ಬಳೆ ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು ಇದ್ದರೆ ಮುದ್ರಣ ಜರುಗಿದೆ ಅಂತ ಅರ್ಥ. ಕೇಸರಿ ಬಣ್ಣ ಕೆಂಪಿಗೆ ತಿರುಗಿದೆಯಾ ಅಂತಲೂ ನೋಡಿ.

ಕಾಕ್‌ಪಿಟ್ಟಿನ ಒಳಗೆ ಹಚ್ಚುವ ಆ ರಷ್ಯನ್ ಹಸಿರು-ನೀಲಿ ಯಾವ ಬಾಟಲಿಯಿಂದ ಸರಿಯಾಗಿ ಬಂತು ಅನ್ನುವುದನ್ನು ಮರೆಯದೆ ಬರೆಯಿರಿ. ನನಗೆ ಬರುವ ಪತ್ರಗಳಲ್ಲಿ ಜಾಸ್ತಿ ಜನ ಕೇಳುವುದು ಅದನ್ನೇ. ಬರೆದಾದ ಮೇಲೆ ನನಗೂ ಕಳಿಸಿ, ರೆಕ್ಕೆಯ ಬುಡದ ಫೋಟೋ ಸಮೇತ.