ಸೂಪಿನ ಹೆಸರಿನ ತೊದಲು

ಈ ಸಲ ಬಂದ ಕಾಗದಗಳಲ್ಲಿ ನಾಲ್ಕು ಪೋರ್ಚುಗೀಸ್ ಭಾಷೆಯ ಬಗ್ಗೆ ಇವೆ. ಪೋರ್ಚುಗಲ್ಲಿನ ಉತ್ತರದ ಪೋರ್ಟೊ ಊರಿನ ಮಗಳ ಮನೆಯಲ್ಲಿ ಏಳು ತಿಂಗಳು ಇದ್ದು ಬಂದೆ ಎಂದು ಹಿಂದೆ ಬರೆದಿದ್ದೆನಲ್ಲ, ಅದಕ್ಕೇ ಇರಬೇಕು. ಮೈಸೂರಿನ ಮಾನಸಗಂಗೋತ್ರಿಯ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿ, ಮೂವತ್ತೆರಡು ವರ್ಷ ಮಕ್ಕಳ ಮಾತು ತಿದ್ದುವ ಕೆಲಸ ಮಾಡಿದವಳು ನಾನು. ಹೊಸ ಊರಿಗೆ ಹೋದವರು ತರಕಾರಿಯ ಹೆಸರು, ಬಸ್ಸಿನ ಮಾತು ಮೊದಲು ಕಲಿಯುತ್ತಾರೆ. ನಾನು ಉಗ್ಗಿಗೆ ಏನಂತೀರಿ, ತೊದಲಿಗೆ ಏನಂತೀರಿ ಎಂದು ಕೇಳುತ್ತಾ ಓಡಾಡಿದೆ. ಇವತ್ತಿನ ಪೂರ್ತಿ ಜಾಗ ಅದಕ್ಕೇ.

ಪ್ರಶ್ನೆ (ಒಬ್ಬ ತಾಯಿ, ಲಿಸ್ಬನ್): ಮೇಡಂ, ನನ್ನ ಮಗನಿಗೆ ಆರು ವರ್ಷ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಪೋರ್ಚುಗೀಸ್. ಮೊನ್ನೆ ಶಾಲೆಯ ಗೇಟಿನ ಹತ್ತಿರ ಒಂದು ಮಗು ಇವನನ್ನು ತೋರಿಸಿ "ಸೊಪೀಞ ದ ಮಾಸ" ಎಂದಿತು. ಫೋನಿನಲ್ಲಿ ನೋಡಿದರೆ "ಶಾವಿಗೆ ಸೂಪು" ಎಂದು ಬಂತು. ಮಧ್ಯಾಹ್ನದ ಊಟದ ವಿಷಯ ಅಂದುಕೊಂಡು ಸುಮ್ಮನಾದೆ. ರಾತ್ರಿ ಮಗ ಅತ್ತ. ಅವನು "ಸ" ಹೇಳುವಾಗ ನಾಲಿಗೆ ಹಲ್ಲಿನಿಂದ ಆಚೆ ಬರುತ್ತದೆ. ಅದಕ್ಕೂ ಇದಕ್ಕೂ ಸಂಬಂಧ ಇದೆಯಾ?

ಉತ್ತರ: ಇದೆ ತಾಯಿ. "ಸಕ್ಕರೆ"ಯನ್ನು "ಥಕ್ಕರೆ" ಎನ್ನುವ ಮಕ್ಕಳನ್ನು ನೀವೂ ನೋಡಿರುತ್ತೀರಿ. ಪೋರ್ಚುಗಲ್ಲಿನಲ್ಲಿ ಹಾಗೆ ಮಾತಾಡುವುದಕ್ಕೆ ಇರುವ ಹೆಸರೇ ಈ ಸೂಪು. ಸೊಪೀಞ ಅಂದರೆ ಪುಟ್ಟ ಸೂಪು, ಮಾಸ ಅಂದರೆ ಅದರಲ್ಲಿ ಹಾಕುವ ಶಾವಿಗೆಯಂಥ ಹಿಟ್ಟಿನ ಚೂರು. ಬಾಯಲ್ಲಿ ಬಿಸಿ ಶಾವಿಗೆ ಇಟ್ಟುಕೊಂಡು ಮಾತಾಡಿದ ಹಾಗೆ ಎಂದು ದೊಡ್ಡವರು ನಗುತ್ತಾ ಹೇಳುತ್ತಾರೆ.

ಈ ಹೆಸರು ಕೇಳಿದಾಗಲೆಲ್ಲ ನನಗೆ ಸಂಕಟ ಆಗುತ್ತದೆ. ಅದರಲ್ಲಿ "ಸ" ಎರಡು ಸಲ ಇದೆ. ಯಾವ ಅಕ್ಷರ ಮಗುವಿಗೆ ಬರುವುದಿಲ್ಲವೋ ಅದೇ ಅಕ್ಷರ ಹಾಕಿ ಮಗುವಿಗೆ ಹೆಸರಿಟ್ಟಿದ್ದಾರೆ. "ನನಗೆ ಹಾಗೆ ಕರೀಬೇಡಿ" ಎಂದು ಹೇಳುವಾಗಲೂ ಅದು ಮತ್ತೆ ಸಿಕ್ಕಿಬೀಳುತ್ತದೆ. ಪುಸ್ತಕದ ಮಾತು "ಸೆಸೇಯು" ಕೂಡ ಹಾಗೇ, ಅದರಲ್ಲೂ ಎರಡು "ಸ". ನಮ್ಮ "ತೊದಲು" ಎಷ್ಟೋ ವಾಸಿ. ತ, ದ, ಲ ಇವನ್ನು ತೊದಲುವ ಮಗುವೂ ಹೇಳಬಲ್ಲದು.

ಬ್ರೆಜಿಲಿನವರು ಇದಕ್ಕೇ "ಲಿಂಗ್ವ ಪ್ರೇಜ" ಎನ್ನುತ್ತಾರೆ. ಲಿಂಗ್ವ ನಾಲಿಗೆ, ಪ್ರೇಜ ಕಟ್ಟಿಹಾಕಿದ್ದು. ನಾಲಿಗೆಯ ಕೆಳಗಿನ ತೆಳು ಪೊರೆ ಬಿಗಿಯಾಗಿ ಹುಟ್ಟಿದ ಮಕ್ಕಳೂ ಇರುತ್ತಾರೆ, ನಿಜ. ಅದನ್ನು ನೋಡಲೆಂದೇ ಬ್ರೆಜಿಲಿನಲ್ಲಿ 2014ರಲ್ಲಿ ಕಾನೂನು ಬಂತು. ಪ್ರತಿ ಹೆರಿಗೆ ಆಸ್ಪತ್ರೆಯಲ್ಲೂ ಹುಟ್ಟಿದ ಕೂಸಿನ ನಾಲಿಗೆ ಎತ್ತಿ ನೋಡಲೇಬೇಕು. ಆ ಪರೀಕ್ಷೆಯನ್ನು ಜನ "ಪುಟ್ಟ ನಾಲಿಗೆಯ ಪರೀಕ್ಷೆ" ಎಂದೇ ಕರೆಯುತ್ತಾರೆ. ಆದರೆ "ಸ" ಜಾರುವುದಕ್ಕೂ ಆ ಪೊರೆಗೂ ಸಾಮಾನ್ಯವಾಗಿ ಸಂಬಂಧ ಇರುವುದಿಲ್ಲ. ಯಾರಾದರೂ "ನಾಲಿಗೆ ಕಟ್ಟಿದೆ, ಕೊಯ್ಯಿಸಿಬಿಡಿ" ಎಂದರೆ ಅವಸರ ಮಾಡಬೇಡಿ.

ಈಗ ನಿಮ್ಮ ಹುಡುಗನ ವಿಷಯ. ಮೊದಲು ಅವನ ಮುಂದಿನ ಹಲ್ಲು ನೋಡಿ. ಆರು ವರ್ಷಕ್ಕೆ ಹಾಲುಹಲ್ಲು ಬೀಳುವಾಗ ಆ ಸಂದಿಯಲ್ಲಿ ನಾಲಿಗೆ ನುಸುಳುತ್ತದೆ. ಹಲ್ಲು ಬೀಳುವ ಮೊದಲಿನಿಂದಲೂ ಹೀಗೇ ಇದ್ದರೆ "ತೆರಪೆವ್ತ ದ ಫಾಲ" ಎಂದು ಕೇಳಿ. ಪೋರ್ಚುಗಲ್ಲಿನಲ್ಲಿ ನಮ್ಮ ವೃತ್ತಿಯವರ ಹೆಸರು ಅದು. ಕಿವಿಯನ್ನೂ ಒಮ್ಮೆ ಪರೀಕ್ಷೆ ಮಾಡಿಸಿ. ಕನ್ನಡದ "ಸ" ಕೂಡ ಜಾರುತ್ತದೆಯೇ ಎಂದು ಮನೆಯಲ್ಲಿ ಕಿವಿಗೊಟ್ಟು ಕೇಳಿ, ಅದನ್ನು ಅವರಿಗೆ ತಪ್ಪದೆ ಹೇಳಿ. ಎರಡು ಭಾಷೆಯಲ್ಲೂ ಜಾರಿದರೆ ಅದು ನಾಲಿಗೆಯ ಅಭ್ಯಾಸ. ಕನ್ನಡಿ ಮುಂದೆ ಕೂತು, ಹಲ್ಲು ಮುಚ್ಚಿ, ಹಾವಿನ ಹಾಗೆ "ಸ್ಸ್" ಎನ್ನುವ ಆಟದಿಂದ ಶುರು ಮಾಡುತ್ತಾರೆ.

ಒಂದು ವಿಷಯ ಒತ್ತಿ ಹೇಳುತ್ತೇನೆ. "ಮನೆಯಲ್ಲಿ ಆ ಭಾಷೆ ಬಿಡಿ, ಮಗುವಿಗೆ ಗೊಂದಲ ಆಗ್ತಿದೆ" ಎಂದು ಯಾರಾದರೂ ಹೇಳಬಹುದು. ಬಿಡಬೇಡಿ. ಎರಡು ಭಾಷೆಯಿಂದ ತೊದಲು ಬರುವುದಿಲ್ಲ. ಹಾಗೇ, ಅವನು ಮನೆಯಲ್ಲಿ "ಪುಸ್ತಕ"ಕ್ಕೆ "ಪುಶ್ತಕ" ಎಂದರೂ ಗಾಬರಿಯಾಗಬೇಡಿ. ಲಿಸ್ಬನ್ನಿನ ಬಾಯಲ್ಲಿ "ತ" ಮುಂಚೆ ಬರುವ "ಸ" ಎಲ್ಲ "ಶ" ಆಗುತ್ತದೆ. ಅದು ಅವನು ಊರಿನಿಂದ ಎತ್ತಿಕೊಂಡ ಉಚ್ಚಾರ, ತಿದ್ದುವಂಥದ್ದಲ್ಲ.

ಅಲ್ಲಿನವರ ಮಾತೆಲ್ಲ ಕಹಿ ಎಂದುಕೊಳ್ಳಬೇಡಿ. ಪೋರ್ಟೊದಲ್ಲಿ ನಮ್ಮ ಪಕ್ಕದ ಮನೆಯ ಅಜ್ಜಿ ನನ್ನ ಎರಡು ವರ್ಷದ ಮೊಮ್ಮಗಳನ್ನು "ಲಿಂಗ್ವ ದ ತ್ರಾಪುಶ್" ಎಂದು ಕೆನ್ನೆ ಹಿಂಡುತ್ತಿದ್ದರು. ಚಿಂದಿ ಬಟ್ಟೆಯ ನಾಲಿಗೆ ಎಂದರ್ಥ. ಮಾತಿನ್ನೂ ಹೊಲಿಗೆ ಹಾಕಿಸಿಕೊಂಡಿಲ್ಲ ಎನ್ನುವ ಹಾಗೆ. ಮುದ್ದು ಮಾತಿಗೆ "ತತಿಬಿತಾತ್" ಎಂಬ ಇನ್ನೊಂದು ಹೆಸರಿದೆ, ಅದನ್ನು ಹೇಳಿದರೇ ತೊದಲಿದ ಹಾಗೆ ಕೇಳುತ್ತದೆ. ನಮ್ಮಲ್ಲಿ ಮಾತು ಬೇಗ ಬರಲಿ ಎಂದು ನಾಲಿಗೆಗೆ ಬಜೆ ತೇಯ್ದು ಹಚ್ಚುತ್ತಾರೆ ಅಲ್ವಾ? ಬ್ರೆಜಿಲಿನ ಈಶಾನ್ಯದ ಕಡೆ ದನದ ಕೊರಳ ಗಂಟೆಯಲ್ಲಿ ನೀರು ತುಂಬಿ ಕುಡಿಸುವ ರೂಢಿ ಇದೆ. ಬಾಯಿ ಮುಚ್ಚದೆ ಮಾತಾಡುವವರನ್ನು ಕಂಡರೆ "ಗಂಟೆ ನೀರು ಕುಡಿದಿದ್ದಾನೆ" ಎನ್ನುವುದೂ ಅದರಿಂದಲೇ.

ಪ್ರಶ್ನೆ (ನಿವೃತ್ತ ಶಿಕ್ಷಕರು, ಉಡುಪಿ): ನಮ್ಮ ಕರಾವಳಿಯ ಚಾವಿ, ಅಲಮಾರು, ಇಗರ್ಜಿ (ಚರ್ಚು) ಎಲ್ಲ ಪೋರ್ಚುಗೀಸರಿಂದ ಬಂದವಂತೆ. ಮೂಲ ಉಚ್ಚಾರ ಬೇರೆಯೇ ಇದೆ, ನಾವು ಕೆಡಿಸಿದ್ದೇವೆ ಎಂದು ಮೊಮ್ಮಗ ವಾದಿಸುತ್ತಾನೆ. ಹೌದೇ?

ಉತ್ತರ: ಮೇಷ್ಟ್ರೇ, ಮೊಮ್ಮಗನನ್ನು ಪಕ್ಕದಲ್ಲಿ ಕೂರಿಸಿಕೊಂಡು ಇದನ್ನು ಓದಿ.

ಚಾವಿಯಿಂದ ಶುರು ಮಾಡೋಣ. ಇವತ್ತಿನ ಲಿಸ್ಬನ್ನಿನಲ್ಲಿ ಬೀಗದಕೈಗೆ "ಶಾವ್" ಎನ್ನುತ್ತಾರೆ. ಅದನ್ನು ಕೇಳಿದ ನಿಮ್ಮ ಮೊಮ್ಮಗನಿಗೆ "ಚಾವಿ" ತಪ್ಪು ಎನಿಸಿರಬೇಕು. ಆದರೆ ಹಡಗಿನಲ್ಲಿ ನಮ್ಮ ಕರಾವಳಿಗೆ ಬಂದ ಪೋರ್ಚುಗೀಸರು ಅದನ್ನು "ಚಾವೆ" ಎಂದೇ ಹೇಳುತ್ತಿದ್ದರು. ಆ "ಚ" ಸವೆದು "ಶ" ಆದದ್ದು ಆಮೇಲೆ, ಅವರ ರಾಜಧಾನಿಯಲ್ಲಿ. ಪೋರ್ಚುಗಲ್ಲಿನ ಈಶಾನ್ಯದ ಗುಡ್ಡಗಾಡಿನ ಕೆಲವರು ಇವತ್ತಿಗೂ "ಚ" ಎನ್ನುತ್ತಾರೆ. ಅಂದರೆ ಉಡುಪಿಯ ಚಾವಿ ಲಿಸ್ಬನ್ನಿನ ಶಾವ್‌ಗಿಂತ ಹಳೆಯ ಉಚ್ಚಾರ. ಅದಕ್ಕೂ ಹಿಂದೆ ಲ್ಯಾಟಿನ್ನಿನಲ್ಲಿ ಅದು "ಕ್ಲಾವಿಸ್". ಕೆಡಿಸಿದವರು ಯಾರು ಅಂತ ಹುಡುಕುತ್ತಾ ಹೋದರೆ ಕೊನೆಗೆ ರೋಮಿನ ಬಾಗಿಲಿಗೆ ಬಂದು ನಿಲ್ಲುತ್ತೇವೆ.

ಇಗರ್ಜಿಯ ಮೂಲ ಲ್ಯಾಟಿನ್ನಿನ "ಎಕ್ಲೇಸಿಯ". ಪೋರ್ಚುಗೀಸಿನಲ್ಲಿ "ಇಗ್ರೇಜ" ಆಯಿತು, ನಡುವಿನ "ಲ" ಹೋಗಿ "ರ" ಬಂತು. ಅಲಮಾರಿನಲ್ಲಿ ಉಲ್ಟಾ. ಅವರ "ಅರ್ಮಾರಿಯು"ವಿನಲ್ಲಿ ಎರಡು "ರ" ಹತ್ತಿರ ಹತ್ತಿರ ಇವೆ. ಮೊದಲನೆಯದು ಜಾರಿ "ಲ" ಆಯಿತು. ಹಳೆಯ ಪೋರ್ಚುಗೀಸಿನಲ್ಲೇ "ಅಲ್ಮಾರಿಯು" ಎಂಬ ರೂಪವೂ ಇತ್ತು. ರ, ಲ ಎರಡಕ್ಕೂ ನಾಲಿಗೆಯ ತುದಿ ಒಂದೇ ಜಾಗಕ್ಕೆ ಹೋಗುತ್ತದೆ. ಅದಕ್ಕೇ ಮಕ್ಕಳಲ್ಲೂ ಭಾಷೆಗಳಲ್ಲೂ ಇವು ಜಾಗ ಬದಲಾಯಿಸಿಕೊಳ್ಳುತ್ತವೆ.

ಬ್ರೆಜಿಲಿನ ಮಕ್ಕಳಿಗೆಲ್ಲ ಗೊತ್ತಿರುವ ಸೆಬೊಲೀಞ ಎಂಬ ಚಿತ್ರಕಥೆಯ ಹುಡುಗನಿದ್ದಾನೆ. ಹೆಸರಿನ ಅರ್ಥ ಪುಟ್ಟ ಈರುಳ್ಳಿ. ಮೌರಿಸಿಯೊ ದೆ ಸೋಜಾ ಅವನನ್ನು 1960ರಲ್ಲಿ ಬರೆದರು. ಅವನಿಗೆ "ರ" ಬಾರದು, ಅದರ ಜಾಗದಲ್ಲಿ "ಲ" ಹೇಳುತ್ತಾನೆ. "ಅಗೋರ" ಅಂದರೆ ಈಗ. ಅವನ ಬಾಯಲ್ಲಿ "ಅಗೋಲ". "ಒಬ್ರಿಗಾದು", ಅಂದರೆ ಧನ್ಯವಾದ, ಅವನಂಥವನ ಬಾಯಲ್ಲಿ "ಒಬ್ಲಿಗಾದು" ಆಗುತ್ತದೆ. ಎಲ್ಲರೂ ನಗುತ್ತಾರೆ. ಆದರೆ ಆ ಮಾತಿನ ಲ್ಯಾಟಿನ್ ಮೂಲ "ಒಬ್ಲಿಗಾತುಸ್". ಹುಡುಗ ತೊದಲಿದಾಗ ಬಂದದ್ದು ಹಳೆಯ ಅಕ್ಷರ!

ಇದರ ಇನ್ನೊಂದು ಮುಖ ನೋವಿನದು. ಬ್ರೆಜಿಲಿನ ಹಳ್ಳಿಯ ಕಡೆಯವರು "ಫ್ಲಮೆಂಗು" ಎಂಬ ಫುಟ್‌ಬಾಲ್ ತಂಡವನ್ನು "ಫ್ರಮೆಂಗು" ಎಂದರೆ, ಓದಿಲ್ಲದವರು ಎಂದು ಪೇಟೆಯವರು ಆಡಿಕೊಳ್ಳುತ್ತಾರೆ. ಆದರೆ 1572ರಲ್ಲಿ ಅಚ್ಚಾದ, ಪೋರ್ಚುಗಲ್ಲಿನ ಕಮೋಯಿಂಶ್ ಕವಿಯ ಮಹಾಕಾವ್ಯದಲ್ಲಿ ಕೊಳಲಿಗೆ "ಫ್ರಾವುತ" ಎಂದಿದೆ. ಇವತ್ತಿನ ಸರಿಯಾದ ರೂಪ "ಫ್ಲಾವುತ". ಮಹಾಕವಿ ಬರೆದಾಗ ಕಾವ್ಯ, ಕೂಲಿಯವನು ಹೇಳಿದಾಗ ತಪ್ಪು. ಇದು ನನಗೆ ಒಪ್ಪಿಗೆಯಾಗುವುದೇ ಇಲ್ಲ.

ಪೋರ್ಟೊದ ಆ ಅಜ್ಜಿ "ವೀಞು" ಅಂದರೆ ದ್ರಾಕ್ಷಾರಸಕ್ಕೆ "ಬೀಞು" ಎನ್ನುತ್ತಿದ್ದರು, ಹಸುವಿಗೆ "ವಾಕ" ಬದಲು "ಬಾಕ". ಉತ್ತರದವರು ವ ಜಾಗದಲ್ಲಿ ಬ ಹಾಕುತ್ತಾರೆ ಎಂದು ಲಿಸ್ಬನ್ನಿನವರು ಛೇಡಿಸುತ್ತಾರೆ. ನಾನು ಅಜ್ಜಿಗೆ ಹೇಳಿದೆ: ತಮಿಳರು "ವಾ" ಎಂದರೆ ನಾವು "ಬಾ" ಎನ್ನುತ್ತೇವೆ, ಅವರ "ವಿಲ್" ನಮಗೆ "ಬಿಲ್ಲು", ಅವರ "ವೆಣ್ಣೆಯ್" ನಮಗೆ "ಬೆಣ್ಣೆ". ಕನ್ನಡದಲ್ಲಿ ಎಷ್ಟೋ ಮಾತು ನಿಂತಿರುವುದು ನಿಮ್ಮದೇ ಥರದ ಬದಲಾವಣೆಯ ಮೇಲೆ. ಅಜ್ಜಿ ಅದನ್ನು ಅವತ್ತೇ ಬ್ರೆಡ್ ಅಂಗಡಿಯವರಿಗೆಲ್ಲ ಹೇಳಿ ಬಂದರು.

ಪ್ರಶ್ನೆ (ವಿದ್ಯಾರ್ಥಿನಿ, ಬೆಂಗಳೂರು): ಉಗ್ಗುವ ಗಂಡಸಿಗೆ "ಗಾಗು" ಎಂದು ಪಾಠದಲ್ಲಿದೆ. ಹೆಂಗಸಿಗೆ "ಗಗಾ" ಎಂದೆ, ನನ್ನ ಟೀಚರ್ ತಡೆದರು. ಯಾಕೆ?

ಉತ್ತರ: ಹೆಂಗಸಿಗೆ "ಗಾಗ", ಒತ್ತು ಮೊದಲ ಅಕ್ಷರಕ್ಕೆ. ಒತ್ತು ಕೊನೆಗೆ ಹೋಗಿ "ಗಗಾ" ಆದರೆ ಅರಳುಮರಳು ಹಿಡಿದವರು ಎಂದಾಗುತ್ತದೆ. ಒತ್ತು ತಪ್ಪುವುದಕ್ಕೆ ಅವರಲ್ಲಿ "ಸಿಲಬಾದ" ಎಂಬ ಹೆಸರೇ ಇದೆ. ಪೋರ್ಚುಗೀಸರೂ ಮಾಡುತ್ತಾರೆ. ಚಿಕ್ಕ ಸಹಿಗೆ "ರುಬ್ರೀಕ" ಎನ್ನಬೇಕು, ಎಷ್ಟೋ ಜನ "ರೂಬ್ರಿಕ" ಎನ್ನುತ್ತಾರೆ. ಹೆದರದೆ ಮಾತಾಡಿ.

ಪ್ರಶ್ನೆ (ಇಂಜಿನಿಯರ್, ದಾವಣಗೆರೆ): ಮೇಡಂ, ಕಂಪನಿಯವರು ಎರಡು ವರ್ಷಕ್ಕೆ ಬ್ರೆಜಿಲಿನ ಕಂಪೀನಸ್ ಊರಿಗೆ ಕಳಿಸುತ್ತಿದ್ದಾರೆ. ನಾನು ಉಗ್ಗುತ್ತೇನೆ. ನನ್ನ ಹೆಸರು "ರ" ಅಕ್ಷರದಿಂದ ಶುರು, ಅಲ್ಲೇ ಜಾಸ್ತಿ ಸಿಕ್ಕಿಕೊಳ್ಳುತ್ತೇನೆ. ಅಲ್ಲಿ ನನ್ನ ಬಗ್ಗೆ ಏನೆಂದು ಹೇಳಲಿ?

ಉತ್ತರ: ನಿಮ್ಮ ಕಾಗದ ಎರಡು ಸಲ ಓದಿದೆ. ನನ್ನ ತಮ್ಮನೂ ಉಗ್ಗುತ್ತಿದ್ದ. ಹೈಸ್ಕೂಲಿನಲ್ಲಿ ಒಬ್ಬ ಮೇಷ್ಟ್ರು ಹಾಜರಿ ಕೂಗುವಾಗ ಅವನ ಹೆಸರು ಬಿಟ್ಟು "ಉಗ್ಗ" ಎನ್ನುತ್ತಿದ್ದರು. "ಹಾಜರ್" ಎನ್ನಲು ಅವನಿಗೆ ಆಗುತ್ತಿರಲಿಲ್ಲ, ಕೈ ಎತ್ತುತ್ತಿದ್ದ. "ಬಾಯಿ ಇಲ್ವಾ?" ಎಂದು ಮತ್ತೆ ಕೇಳುತ್ತಿದ್ದರು. ನಾನು ಈ ಕೆಲಸಕ್ಕೆ ಬಂದದ್ದು ಆ ಹಾಜರಿಯಿಂದಲೇ.

ಪೋರ್ಚುಗೀಸಿನಲ್ಲೂ ಆ ಗಾಯ ಇದೆ. ಲ್ಯಾಟಿನ್ನಿನಲ್ಲಿ "ಬಾಲ್ಬುಸ್" ಅಂದರೆ ಉಗ್ಗುವವನು. ಅದೇ ಮಾತು ಸವೆದು "ಬೋಬು" ಆಯಿತು. ಬೋಬು ಅಂದರೆ ದಡ್ಡ. ನಮ್ಮ ಪತ್ರಿಕೆಗಳು "ಬರ್ಬರ ಹತ್ಯೆ" ಎಂದು ಬರೆಯುತ್ತವಲ್ಲ, ಸಂಸ್ಕೃತದ ಆ "ಬರ್ಬರ"ಕ್ಕೂ ತೊದಲುವವನು ಎಂಬ ಅರ್ಥ ಇತ್ತು. ಮಾತು ತಡೆದವನಿಗೆ ಬುದ್ಧಿ ಇಲ್ಲ, ಮನುಷ್ಯತ್ವ ಇಲ್ಲ ಎಂದು ಜನ ಎಷ್ಟು ಸುಲಭವಾಗಿ ತೀರ್ಮಾನ ಮಾಡಿಬಿಟ್ಟರು ನೋಡಿ. ನೀವು ಹೋಗುವ ದೇಶದ ಅತಿ ದೊಡ್ಡ ಕಾದಂಬರಿಕಾರ ಮಶಾದು ದಿ ಅಸಿಸ್ ಉಗ್ಗುತ್ತಿದ್ದವರು. 1897ರಲ್ಲಿ ಬ್ರೆಜಿಲಿನ ಸಾಹಿತ್ಯ ಅಕಾಡೆಮಿ ಶುರುವಾದಾಗ ಅದರ ಮೊದಲ ಅಧ್ಯಕ್ಷರು ಅವರೇ.

ಬ್ರೆಜಿಲಿನಲ್ಲಿ ಉಗ್ಗಿಗೆ "ಗಗೇಯ್ರ", ಪೋರ್ಚುಗಲ್ಲಿನಲ್ಲಿ "ಗಗೇಶ್". "ಸೋ ಗಾಗು" ಅಂದರೆ ನಾನು ಉಗ್ಗ. ಹಾಗೂ ಹೇಳುವವರಿದ್ದಾರೆ. ನನಗೆ ಹಿಡಿಸುವುದು "ಎವು ಗಗೇಜು". ನಾನು ಉಗ್ಗುತ್ತೇನೆ, ಅಷ್ಟೇ. ನಡೆಯುತ್ತೇನೆ, ಉಣ್ಣುತ್ತೇನೆ ಎನ್ನುವ ಹಾಗೆ ಅದೂ ಒಂದು ಕ್ರಿಯೆ. ಮೊದಲ ಮೀಟಿಂಗಿನಲ್ಲೇ ಹೇಳಿಬಿಡಿ. ಜೊತೆಗೆ "ಮಿ ದಾ ಉಂ ತೆಂಪೀಞು" ಎನ್ನಿ, ಸ್ವಲ್ಪ ಟೈಮ್ ಕೊಡಿ ಎಂದು. ಕೊನೆಯ "ಈಞು" ಮಾತನ್ನು ಪುಟ್ಟದಾಗಿಸುತ್ತದೆ, ಕೇಳುವುದಕ್ಕೆ ಸ್ನೇಹದ ಹಾಗಿರುತ್ತದೆ. ಮುಚ್ಚಿಡಲು ಹೋದಷ್ಟೂ ಸಿಕ್ಕು ಬಿಗಿಯುತ್ತದೆ ಎನ್ನುವುದು ನಿಮಗೇ ಗೊತ್ತಿರುತ್ತದೆ. ಕೆಲವರು "ಕಾವ್ಮ, ಹೆಸ್ಪೀರ" ಎನ್ನುತ್ತಾರೆ, ಸಮಾಧಾನ, ಉಸಿರು ತಗೋ ಎಂದು. ಒಳ್ಳೆಯ ಮನಸ್ಸಿನಿಂದಲೇ ಹೇಳುವುದು, ಆದರೆ ಉಪಯೋಗವಿಲ್ಲ. ಕಾಯ್ದರೆ ಸಾಕು ಎಂದು ತಿಳಿಸಿ. ದೊಡ್ಡವರಲ್ಲಿ ಹೆಚ್ಚುಕಡಿಮೆ ನೂರಕ್ಕೆ ಒಬ್ಬರು ಉಗ್ಗುತ್ತಾರೆ. ನಿಮ್ಮ ಹೊಸ ಆಫೀಸಿನಲ್ಲೂ ಯಾರಾದರೂ ಇರಬಹುದು. ಮಾತಿನ ಚಿಕಿತ್ಸೆ ಮುಂದುವರಿಸುವುದಾದರೆ ಅಲ್ಲಿ "ಫೋನೊ" ಎಂದು ಕೇಳಿ, ಫೋನೊಅವುದಿಯೋಲೊಗು ಎಂಬ ಉದ್ದ ಹೆಸರಿನ ತುಂಡು ಅದು.

ಇನ್ನು ನಿಮ್ಮ ಹೆಸರಿನ "ರ". ಬ್ರೆಜಿಲಿನಲ್ಲಿ ಪದದ ಮೊದಲಿಗೆ ಬರುವ "ರ" ಬಾಯಲ್ಲಿ "ಹ" ಆಗುತ್ತದೆ. ರಿಯೊ ಎಂದು ನಾವು ಕರೆಯುವ ಊರು ಅವರಿಗೆ "ಹೀವು". ನಿಮ್ಮ ಹೆಸರಿನ ಪಟ್ಟಿ ಓದಿದವರೆಲ್ಲ "ಹ" ಎಂದೇ ಕೂಗುತ್ತಾರೆ. ಆಗ ಆ "ರ"ವನ್ನು ನೀವು ಹೇಳಿಕೊಡಬೇಕಾಗುತ್ತದೆ. ಸಿಕ್ಕಿಕೊಂಡರೂ ಪರವಾಗಿಲ್ಲ, ಹೇಳಿಕೊಡಿ. ಒಂದು ತಿಂಗಳು ಕಳೆದ ಮೇಲೆ ಯಾರು ಯಾರು ಕಲಿತರು ಎಂದು ನನಗೊಂದು ಕಾಗದ ಬರೆಯಿರಿ.