ಹಾಸಿಗೆ ಖಾಲಿಯಿದ್ದರೂ ಶಸ್ತ್ರಚಿಕಿತ್ಸೆ ಮುಂದೂಡಿದ್ದೇಕೆ?

ಪ್ರಿಯ ಓದುಗರೇ,

ಕೋವಿಡ್‌ನ ಹೊಸ ರೂಪಾಂತರಿ ಅಷ್ಟೇನೂ ಅಪಾಯಕಾರಿಯಲ್ಲವೆಂದು ಕೇಳಿಬರುತ್ತಿರುವಾಗ, ಸ್ಥಳೀಯ ಆಸ್ಪತ್ರೆಯ ವಾರ್ಡಿನಲ್ಲಿ ಖಾಲಿ ಹಾಸಿಗೆಗಳು ಕಣ್ಣಿಗೇ ಕಾಣುತ್ತಿರುವಾಗ, ನಿಮ್ಮ ತಂದೆಯವರ ಹರ್ನಿಯಾ ಶಸ್ತ್ರಚಿಕಿತ್ಸೆಯನ್ನು ಮುಂದೂಡಿದ್ದು ಜನರನ್ನು ಹೆದರಿಸುವ ನೆಪವಲ್ಲವೇ ಎಂದು ಕೇಳಿದ್ದೀರಿ. ಕಾರಣ ತಿಳಿಸದೆ ದಿನಾಂಕ ರದ್ದುಪಡಿಸಿದ್ದು ಖಂಡಿತ ತಪ್ಪು. ನಿಮ್ಮ ಸಿಟ್ಟು ನ್ಯಾಯವಾದದ್ದೇ. ಆದರೆ ಖಾಲಿ ಹಾಸಿಗೆಗಳನ್ನು ನೋಡಿ ನೀವು ಬಂದಿರುವ ತೀರ್ಮಾನವನ್ನು ನಾನು ಒಪ್ಪಲಾರೆ.

ಆಸ್ಪತ್ರೆಯ ಸಾಮರ್ಥ್ಯವನ್ನು ನಿರ್ಧರಿಸುವುದು ಮಂಚಗಳಲ್ಲ, ಅವುಗಳ ಪಕ್ಕದಲ್ಲಿ ನಿಲ್ಲುವ ಜನ. ವೆಂಟಿಲೇಟರ್‌ನಲ್ಲಿರುವ ರೋಗಿಯನ್ನು ಬೋರಲು ಮಲಗಿಸಬೇಕಾದಾಗ ಒಬ್ಬರು ತಲೆಯ ಬಳಿ ನಿಂತು ಉಸಿರಾಟದ ಕೊಳವೆ ಜಾರದಂತೆ ಹಿಡಿದಿರುತ್ತಾರೆ, ಇನ್ನು ಮೂರು ನಾಲ್ಕು ಮಂದಿ ಎರಡೂ ಬದಿಯಿಂದ ಮೈಯನ್ನು ಒಟ್ಟಿಗೆ ಹೊರಳಿಸುತ್ತಾರೆ. ಸುಮಾರು 16 ಗಂಟೆಗಳ ಬಳಿಕ ಮತ್ತೆ ಅಂಗಾತ ಮಲಗಿಸಲು ಅಷ್ಟೇ ಜನ ಬೇಕು. ಐಸಿಯುವಿನ ಒಂದು ಹಾಸಿಗೆಯ ಬಳಿ ಹಗಲಿರುಳು ಒಬ್ಬ ನರ್ಸ್ ಇರಬೇಕೆಂದರೆ, ಪಾಳಿ, ವಾರದ ರಜೆಗಳೆಲ್ಲ ಸೇರಿ ನಾಲ್ಕೈದು ನರ್ಸ್‌ಗಳಾದರೂ ಬೇಕಾಗುತ್ತಾರೆ. ಅಲೆ ಎದ್ದಾಗ ಸೋಂಕು ಅವರನ್ನೂ ಬಿಡುವುದಿಲ್ಲ. ಓಮಿಕ್ರಾನ್ ಅಲೆಯಲ್ಲಿ, 2022ರ ಜನವರಿಯಲ್ಲಿ, ಲಂಡನ್ನಿನ ಆಸ್ಪತ್ರೆಗಳಿಗೆ ಸೇನೆಯ 200 ಸಿಬ್ಬಂದಿಯನ್ನು ಕಳುಹಿಸಬೇಕಾಗಿ ಬಂದದ್ದು ಇಂಥ ಕೊರತೆಯಿಂದಲೇ.

ಇನ್ನು, ರೋಗ ಸೌಮ್ಯವೆಂಬ ಮಾತು. ಹಿಂದಿನದಕ್ಕಿಂತ ಅರ್ಧದಷ್ಟು ಪ್ರಮಾಣದ ಸೋಂಕಿತರನ್ನು ಮಾತ್ರ ಆಸ್ಪತ್ರೆಗೆ ತಳ್ಳುವ ತಳಿ ನಾಲ್ಕು ಪಟ್ಟು ಜನರಿಗೆ ಹರಡಿದರೆ, ಆಸ್ಪತ್ರೆಗೆ ಬರುವವರು ಎರಡು ಪಟ್ಟಾಗುತ್ತಾರೆ. ಡೆಲ್ಟಾಗಿಂತ ಸೌಮ್ಯವೆನಿಸಿದ್ದ ಓಮಿಕ್ರಾನ್ ಹರಡಿದಾಗ ಅಮೆರಿಕದಲ್ಲಿ ಆಸ್ಪತ್ರೆ ಸೇರಿದ್ದ ಕೋವಿಡ್ ರೋಗಿಗಳ ಸಂಖ್ಯೆ ಅದಕ್ಕೂ ಹಿಂದಿನ ಎಲ್ಲ ಅಲೆಗಳನ್ನು ಮೀರಿತು. ಅವರಲ್ಲಿ ಬೇರೆ ಕಾಯಿಲೆಗೆ ದಾಖಲಾಗಿ, ಪರೀಕ್ಷೆಯಲ್ಲಿ ಸೋಂಕು ಕಂಡುಬಂದವರೂ ಇದ್ದರು ನಿಜ. ಆದರೆ ಅವರನ್ನೂ ಪ್ರತ್ಯೇಕವಾಗಿಯೇ ಇರಿಸಬೇಕಾಗುತ್ತದೆ, ಅದಕ್ಕೂ ಕೋಣೆ ಮತ್ತು ಸಿಬ್ಬಂದಿ ಬೇಕು. ಮೇಲಾಗಿ, ಸೋಂಕು ಏರಿದ ಒಂದೆರಡು ವಾರಗಳ ನಂತರವಷ್ಟೇ ದಾಖಲಾಗುವವರ ಸಂಖ್ಯೆ ಏರುವುದರಿಂದ, ಇಂದು ಖಾಲಿ ಕಾಣುವ ವಾರ್ಡು ಮುಂದಿನ ವಾರದ ಸ್ಥಿತಿಯನ್ನು ಹೇಳಲಾರದು.

ಹಾಗೆಂದು ಆಸ್ಪತ್ರೆಯವರು ಹೇಳಿದ್ದನ್ನೆಲ್ಲ ಒಪ್ಪಿಕೊಳ್ಳಿ ಎನ್ನುತ್ತಿಲ್ಲ. ಎಷ್ಟು ಹಾಸಿಗೆಗಳಿವೆ ಎಂದು ಕೇಳುವ ಬದಲು, ರಾತ್ರಿ ಪಾಳಿಯಲ್ಲೂ ನರ್ಸ್ ಇರುವ ಹಾಸಿಗೆಗಳು ಎಷ್ಟು, ಒಂದೇ ಹೊತ್ತಿಗೆ ಎಷ್ಟು ರೋಗಿಗಳಿಗೆ ಹೆಚ್ಚಿನ ಪ್ರಮಾಣದ ಆಮ್ಲಜನಕ ಕೊಡಲು ಅಲ್ಲಿನ ಕೊಳವೆ ಜಾಲಕ್ಕೆ ಸಾಧ್ಯ, ಮುಂದೂಡಿದ ಶಸ್ತ್ರಚಿಕಿತ್ಸೆಗಳ ಸರದಿಯನ್ನು ಯಾವ ಆಧಾರದ ಮೇಲೆ ನಿರ್ಧರಿಸುತ್ತಾರೆ ಎಂದು ಬರವಣಿಗೆಯಲ್ಲಿ ಕೇಳಿ. ಇವಕ್ಕೆ ಉತ್ತರ ಪಡೆಯುವ ಹಕ್ಕು ನಿಮಗಿದೆ.

ತಂದೆಯವರ ವಿಷಯದಲ್ಲಿ ಒಂದನ್ನು ಮರೆಯಬೇಡಿ. ಹರ್ನಿಯಾದ ಉಬ್ಬು ಒಳಗೆ ಹೋಗದೆ ಗಟ್ಟಿಯಾದರೆ, ಅಲ್ಲಿ ಹಠಾತ್ತನೆ ತೀವ್ರ ನೋವು ಬಂದರೆ, ಚರ್ಮ ಕೆಂಪಾದರೆ ಅಥವಾ ಕಪ್ಪಾದರೆ, ವಾಂತಿಯಾಗತೊಡಗಿದರೆ ಹೊಸ ದಿನಾಂಕಕ್ಕಾಗಿ ಕಾಯದೆ ನೇರವಾಗಿ ತುರ್ತು ಚಿಕಿತ್ಸಾ ವಿಭಾಗಕ್ಕೆ ಕರೆದೊಯ್ಯಿರಿ. ಮುಂದೂಡಿಕೆಯ ನಿಯಮ ಅಂಥ ಸ್ಥಿತಿಗೆ ಅನ್ವಯಿಸುವುದಿಲ್ಲ.

— ಸಂಪಾದಕ