ಎಳೆಗೂಸಿನ ಚಲನೆ ಮತ್ತು ಆಟಿಸಂ: ಓದುಗರ ಪ್ರಶ್ನೆಗಳಿಗೆ ಮಕ್ಕಳ ವೈದ್ಯರ ಉತ್ತರ

ಪ್ರಶ್ನೆ: ನಮ್ಮ ಹಿರಿಯ ಮಗನಿಗೆ ಮೂರನೆಯ ವರ್ಷದಲ್ಲಿ ಆಟಿಸಂ ಇರುವುದು ತಿಳಿಯಿತು. ಈಗ ಮಗಳಿಗೆ ಆರು ತಿಂಗಳು ತುಂಬಿದೆ. ಕೈ ಹಿಡಿದು ಎಬ್ಬಿಸಿ ಕೂರಿಸಲು ಹೋದರೆ ಅವಳ ತಲೆ ಹಿಂದಕ್ಕೆ ಜೋಲುತ್ತದೆ. ಕೆಲವು ಮಕ್ಕಳಿಗೆ ಕತ್ತು ನಿಲ್ಲುವುದು ತಡ, ಕಾಯೋಣ ಎಂದು ಮನೆಯ ಹಿರಿಯರು ಹೇಳುತ್ತಾರೆ. ಕಾಯಬಹುದೇ?

ಉತ್ತರ: ಕಾಯಬೇಡಿ. ಹಾಗೆಂದ ಮಾತ್ರಕ್ಕೆ ನಿಮ್ಮ ಮಗಳಿಗೂ ಆಟಿಸಂ (ಇತರರೊಡನೆ ಬೆರೆಯುವುದು, ಸಂವಹನ ಮತ್ತು ವರ್ತನೆ ಭಿನ್ನವಾಗಿ ಬೆಳೆಯುವ ಸ್ಥಿತಿ) ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ನೀವು ಕಂಡದ್ದು ಈ ವಾರವೇ ವೈದ್ಯರಿಗೆ ತೋರಿಸಬೇಕಾದ ಸಂಗತಿ. ಅಂಗಾತ ಮಲಗಿದ ಮಗುವಿನ ಎರಡೂ ಕೈ ಹಿಡಿದು ಮೆಲ್ಲನೆ ಮೇಲೆತ್ತಿದಾಗ, ಆಗತಾನೆ ಹುಟ್ಟಿದ ಮಗುವಾದರೆ ತಲೆ ಹಿಂದೆ ಜೋಲುವುದು ಸಹಜ. ನಾಲ್ಕು ತಿಂಗಳ ಹೊತ್ತಿಗೆ ಹೆಚ್ಚಿನ ಮಕ್ಕಳಲ್ಲಿ ತಲೆ ಬೆನ್ನಿನ ನೇರಕ್ಕೇ ಮೇಲೇಳುತ್ತದೆ. ಆರು ತಿಂಗಳ ಮಗು ನಮ್ಮ ಬೆರಳು ಸಿಕ್ಕಿದ ಕೂಡಲೇ ಗದ್ದವನ್ನು ಎದೆಯ ಕಡೆಗೆ ತಂದುಕೊಂಡು, ಮೊಣಕೈ ಮಡಚಿ, ತಾನೂ ಏಳಲು ಹವಣಿಸುತ್ತದೆ. ಆ ಎಳೆತ ಎತ್ತುವವರ ಕೈಗೇ ತಿಳಿಯುತ್ತದೆ.

ಅಮೆರಿಕದ ಬಾಲ್ಟಿಮೋರ್‌ನಲ್ಲಿರುವ ಕೆನಡಿ ಕ್ರೀಗರ್ ಸಂಸ್ಥೆಯ ಸಂಶೋಧಕರು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಆಟಿಸಂ ಇರುವ ಮಕ್ಕಳ ತಮ್ಮ ತಂಗಿಯರನ್ನು ಇದೇ ರೀತಿ ಎತ್ತಿ ನೋಡಿದ್ದರು. ಮುಂದೆ ಆಟಿಸಂ ಗುರುತಾದ ಮಕ್ಕಳಲ್ಲಿ ಶೇ. 90 ಮಂದಿಗೆ ಆರು ತಿಂಗಳ ಆಸುಪಾಸಿನಲ್ಲಿ ತಲೆ ಜೋಲುತ್ತಿತ್ತು. ಈ ಅಂಕಿಯನ್ನು ಓದಿ ಎದೆಗುಂದುವ ಮೊದಲು ಅದೇ ಅಧ್ಯಯನದ ಇನ್ನೊಂದು ಅಂಕಿಯನ್ನೂ ನೋಡಿ: ಆಟಿಸಂ ಆಗಲಿ, ಸಂವಹನದ ವಿಳಂಬವಾಗಲಿ ಇಲ್ಲದೆ ಬೆಳೆದ ಮಕ್ಕಳಲ್ಲೂ ಶೇ. 35 ಮಂದಿಗೆ ತಲೆ ಜೋಲುತ್ತಿತ್ತು. ನೋಡಿದ ಮಕ್ಕಳ ಸಂಖ್ಯೆಯೂ 40 ಮಾತ್ರ.

ಅವಧಿಗೆ ಮೊದಲೇ ಹುಟ್ಟಿದ ಮಗುವಿನ ವಯಸ್ಸನ್ನು ಹೆರಿಗೆಗೆ ಗೊತ್ತಾಗಿದ್ದ ದಿನದಿಂದ ಎಣಿಸಬೇಕು. ಹಾಗೆ ಎಣಿಸಿದಾಗ ಎಷ್ಟೋ ಸಲ ಚಿಂತೆಯೇ ಕರಗಿಹೋಗುತ್ತದೆ. ಥೈರಾಯ್ಡ್ ಕೊರತೆ, ಸ್ನಾಯುಗಳ ದೌರ್ಬಲ್ಯ, ಮಿದುಳಿಗೆ ಆದ ಪೆಟ್ಟು ಇವುಗಳಿಂದಲೂ ಕತ್ತು ನಿಲ್ಲುವುದು ತಡವಾಗಬಹುದು. ಇವುಗಳಲ್ಲಿ ಕೆಲವಕ್ಕೆ ಒಳ್ಳೆಯ ಚಿಕಿತ್ಸೆಯಿದೆ, ಆದರೆ ತಡಮಾಡಿದಷ್ಟೂ ಅದರ ಫಲ ಕಡಿಮೆ. ನಾನು ಕಾಯಬೇಡಿ ಎನ್ನುವುದು ಈ ಕಾರಣಕ್ಕೇ. ಕತ್ತು ಬೆನ್ನು ಗಟ್ಟಿಯಾಗಲು ಫಿಸಿಯೋಥೆರಪಿಯನ್ನು ಈಗಲೇ ಆರಂಭಿಸಬಹುದು, ಅದಕ್ಕೆ ಯಾವ ಕಾಯಿಲೆಯ ಹೆಸರೂ ಬೇಕಾಗಿಲ್ಲ. ಎಚ್ಚರವಾಗಿರುವಾಗ ಮಗುವನ್ನು ಬೋರಲು ಮಲಗಿಸಿ, ನೀವೂ ಎದುರಿಗೆ ಮಲಗಿ ಮುಖ ತೋರಿಸುತ್ತ ಮಾತನಾಡಿಸಿ. ನಿದ್ದೆ ಮಾತ್ರ ಅಂಗಾತವೇ ಆಗಬೇಕು.

ಅಣ್ಣನಿಗೆ ಆಟಿಸಂ ಇರುವುದರಿಂದ ನಿಮ್ಮ ಮಗಳ ಮೇಲೆ ಹೆಚ್ಚಿನ ನಿಗಾ ಇರಬೇಕಾದದ್ದು ನಿಜ. ಇಂಥ ಕುಟುಂಬಗಳಲ್ಲಿ ನಂತರ ಹುಟ್ಟುವ ಐದು ಮಕ್ಕಳಲ್ಲಿ ಸುಮಾರು ಒಂದಕ್ಕೆ ಆಟಿಸಂ ಕಾಣಿಸಿಕೊಳ್ಳುತ್ತದೆ. ಉಳಿದ ನಾಲ್ಕಕ್ಕೆ ಕಾಣಿಸಿಕೊಳ್ಳುವುದಿಲ್ಲ. ನಗುವಿಗೆ ನಗುತ್ತಾಳೆಯೇ, ದನಿ ಬಂದ ಕಡೆ ತಿರುಗುತ್ತಾಳೆಯೇ, ವರ್ಷ ತುಂಬುವ ಹೊತ್ತಿಗೆ ಹೆಸರು ಕರೆದರೆ ನೋಡುತ್ತಾಳೆಯೇ, ಬೇಕಾದದ್ದನ್ನು ಬೆರಳು ಮಾಡಿ ತೋರಿಸಲು ತೊಡಗುತ್ತಾಳೆಯೇ ಎಂಬುದನ್ನು ಗಮನಿಸುತ್ತಿರಿ. 18 ಮತ್ತು 24ನೆಯ ತಿಂಗಳ ಆಟಿಸಂ ತಪಾಸಣೆಯನ್ನು ತಪ್ಪಿಸಬೇಡಿ.

ಪ್ರಶ್ನೆ: ಒಂಬತ್ತು ತಿಂಗಳ ಮಗ ಖುಷಿಯಾದಾಗ ಎರಡೂ ಕೈಗಳನ್ನು ಪಟಪಟನೆ ಬಡಿಯುತ್ತಾನೆ. ಇದು ಆಟಿಸಂನ ಲಕ್ಷಣವೇ?

ಉತ್ತರ: ಈ ವಯಸ್ಸಿನಲ್ಲಿ ಹೆಚ್ಚಿನ ಮಕ್ಕಳು ಹಾಗೆ ಮಾಡುತ್ತಾರೆ. ಕೈ ಬಡಿಯುತ್ತಲೇ ಅವನು ನಿಮ್ಮ ಮುಖ ನೋಡಿ ನಗುತ್ತಿದ್ದರೆ, ನಿಮ್ಮನ್ನೂ ತನ್ನ ಖುಷಿಗೆ ಕರೆಯುತ್ತಿದ್ದಾನೆ ಎಂದೇ ತಿಳಿಯಿರಿ. ಯಾರ ಕಡೆಗೂ ನೋಡದೆ ಬಹಳ ಹೊತ್ತು ಅದರಲ್ಲೇ ಮುಳುಗಿರುತ್ತಾನೆ, ಕರೆದರೂ ಗಮನ ಕೊಡುವುದಿಲ್ಲ ಎನ್ನುವಂತಿದ್ದರೆ ಮೊದಲು ಕಿವಿಯ ಪರೀಕ್ಷೆ ಮಾಡಿಸಿ, ಆಮೇಲೆ ಮಕ್ಕಳ ತಜ್ಞರನ್ನು ಕಾಣಿ.

ಪ್ರಶ್ನೆ: ಮಗುವನ್ನು ಪಕ್ಕಕ್ಕೆ ವಾಲಿಸಿ ನೋಡಿದರೆ ಆರೇಳು ತಿಂಗಳಲ್ಲೇ ಆಟಿಸಂ ಗೊತ್ತಾಗುತ್ತದೆ ಎಂಬ ವಿಡಿಯೋ ನೋಡಿದೆ. ಇದು ನಿಜವೇ? ಮನೆಯಲ್ಲೇ ಮಾಡಬಹುದೇ?

ಉತ್ತರ: ಈ ವಿಚಾರ ಅಮೆರಿಕದ ಫ್ಲಾರಿಡಾ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ಫಿಲಿಪ್ ಟೈಟಲ್‌ಬಾಮ್ ಅವರಿಂದ ಬಂದದ್ದು. ಅವರು ಮತ್ತು ಅವರ ಸಂಗಡಿಗರು, ಮುಂದೆ ಆಟಿಸಂ ಗುರುತಾದ 17 ಮಕ್ಕಳ ಎಳವೆಯ ವಿಡಿಯೋಗಳನ್ನು ಮನೆಯವರಿಂದ ಪಡೆದು, ನೃತ್ಯದ ಚಲನೆಗಳನ್ನು ಬರೆದಿಡಲು ರೂಪಿಸಿದ್ದ ಎಷ್ಕೋಲ್–ವಾಖ್ಮನ್ ಸಂಕೇತಲಿಪಿಯಲ್ಲಿ ಪ್ರತಿಯೊಂದು ಚಲನೆಯನ್ನೂ ಗುರುತಿಸಿ, 1998ರಲ್ಲಿ ಪ್ರಕಟಿಸಿದರು. ಸಾಮಾನ್ಯವಾಗಿ ಮಗು ಮಗುಚುವಾಗ ದೇಹದ ಒಂದು ಭಾಗ ಮೊದಲು ತಿರುಗಿ ಉಳಿದದ್ದು ಅದನ್ನು ಹಿಂಬಾಲಿಸುತ್ತದೆ. ಆ ಮಕ್ಕಳಲ್ಲಿ ಕೆಲವರು ಮರದ ದಿಮ್ಮಿ ಉರುಳಿದಂತೆ ಇಡೀ ದೇಹವನ್ನು ಒಟ್ಟಿಗೆ ಹೊರಳಿಸುತ್ತಿದ್ದರು. ಕೂತಲ್ಲಿಂದ ವಾಲಿದಾಗ ಕೈ ಊರದೆ ಹಾಗೆಯೇ ಬೀಳುವುದು, ಅಂಬೆಗಾಲಿಡುವಾಗ ಎಡ ಬಲಗಳು ಹೊಂದದಿರುವುದು ಸಹ ಅವರಿಗೆ ಕಂಡಿತು. ವಾಲಿಸಿ ನೋಡುವ ಪರೀಕ್ಷೆಯನ್ನು ಅವರು ಆಮೇಲೆ ಸೂಚಿಸಿದರು. ಸೊಂಟ ಹಿಡಿದು ಪಕ್ಕಕ್ಕೆ ವಾಲಿಸಿದಾಗ ದೇಹ ಓರೆಯಾದರೂ ಮಗು ತಲೆಯನ್ನು ನೆಟ್ಟಗೆ ಇಟ್ಟುಕೊಳ್ಳುತ್ತದೆಯೇ ಎಂದು ಅದರಲ್ಲಿ ನೋಡುತ್ತಾರೆ.

ಅವರ ನೋಟದ ಸೂಕ್ಷ್ಮತೆಯ ಬಗ್ಗೆ ನನಗೆ ಗೌರವವಿದೆ. ಆದರೆ 2008ರಲ್ಲಿ ಆಟಿಸಂ ಸಂಶೋಧಕಿ ಸ್ಯಾಲಿ ಓಝೋನಾಫ್ ಮತ್ತು ಸಂಗಡಿಗರು ಇಂಥದೇ ವಿಡಿಯೋಗಳಲ್ಲಿ ಆಟಿಸಂ ಇದ್ದ ಮಕ್ಕಳನ್ನು ಬೇರೆ ಬೆಳವಣಿಗೆ ವಿಳಂಬವಿದ್ದ ಮಕ್ಕಳ ಜೊತೆಗಿಟ್ಟು ಹೋಲಿಸಿದಾಗ, ಆಟಿಸಂಗೆ ಮಾತ್ರ ಸೇರಿದ ಚಲನೆಯ ದೋಷ ಅವರಿಗೆ ಸಿಗಲಿಲ್ಲ. ಹೀಗಾಗಿ ಈ ಪರೀಕ್ಷೆಯಿಂದ ಆಟಿಸಂ ಇದೆಯೆಂದಾಗಲಿ ಇಲ್ಲವೆಂದಾಗಲಿ ತೀರ್ಮಾನಿಸಲು ಬರುವುದಿಲ್ಲ. ಕತ್ತು ಗಟ್ಟಿಯಿಲ್ಲದ ಮಗುವನ್ನು ಮನೆಯಲ್ಲಿ ವಾಲಿಸಿ ನೋಡುವುದೂ ಬೇಡ. ಅದರ ಬದಲು, ಮಗು ತನ್ನಷ್ಟಕ್ಕೆ ಮಗುಚುವುದನ್ನು, ಕೂರುವುದನ್ನು, ತೆವಳುವುದನ್ನು ಇಡೀ ದೇಹ ಕಾಣುವಂತೆ ಮೊಬೈಲಿನಲ್ಲಿ ಚಿತ್ರೀಕರಿಸಿ ವೈದ್ಯರಿಗೆ ತೋರಿಸಿ. ಹೊಸ ಜಾಗದಲ್ಲಿ ಅಳುತ್ತಿರುವ ಮಗುವನ್ನು ಹತ್ತು ನಿಮಿಷ ನೋಡುವುದಕ್ಕಿಂತ ಮನೆಯ ಎರಡು ನಿಮಿಷದ ವಿಡಿಯೋ ನನಗೆ ಎಷ್ಟೋ ಸಲ ಹೆಚ್ಚು ತಿಳಿಸಿದೆ.

ಪ್ರಶ್ನೆ: ಏಳು ತಿಂಗಳ ಮೊಮ್ಮಗನನ್ನು ಎತ್ತಿಕೊಳ್ಳಲು ಕೈ ಚಾಚಿದರೆ ಅವನು ಸುಮ್ಮನೆ ಇರುತ್ತಾನೆ. ಎತ್ತಿಕೊಂಡರೂ ಮೈಗೆ ಒರಗುವುದಿಲ್ಲ. ಸೊಸೆಗೆ ಹೇಳಿದರೆ ನೊಂದುಕೊಳ್ಳುತ್ತಾಳೆ. ನಾನೇ ತಪ್ಪು ತಿಳಿದಿದ್ದೇನೆಯೇ?

ಉತ್ತರ: ನೀವು ಕಂಡದ್ದನ್ನು ಆಟಿಸಂ ಕುರಿತ ಮೊದಲ ಬರಹಗಳಲ್ಲಿಯೇ ಕಾಣಬಹುದು. 1943ರಲ್ಲಿ ಮನೋವೈದ್ಯ ಲಿಯೋ ಕ್ಯಾನರ್ ಇಂಥ 11 ಮಕ್ಕಳ ಬಗ್ಗೆ ಬರೆದಾಗ, ಎತ್ತಿಕೊಳ್ಳುವವರಿಗೆ ಅವರು ಎಳವೆಯಲ್ಲಿ ಮೈಯನ್ನು ಅಣಿಗೊಳಿಸಿಕೊಳ್ಳುತ್ತಿರಲಿಲ್ಲ ಎಂದು ತಾಯಂದಿರು ನೆನಪಿಸಿಕೊಂಡದ್ದನ್ನು ದಾಖಲಿಸಿದ್ದರು. ನಾಲ್ಕು ತಿಂಗಳ ಮಗುವೂ ನಮ್ಮ ಕೈ ಹತ್ತಿರ ಬರುವುದನ್ನು ಕಂಡು ಭುಜವನ್ನು ತುಸು ಏರಿಸಿ, ಮೈ ಬಿಗಿಮಾಡಿ ಸಿದ್ಧವಾಗುತ್ತದೆ. ಒಮ್ಮೆ ಕಾಣದಿದ್ದರೆ ಅದು ನಿದ್ದೆಯೋ ಹಸಿವೋ ಇರಬಹುದು. ದಿನವೂ ಹಾಗೆಯೇ ಇದ್ದರೆ ಪರೀಕ್ಷೆ ಮಾಡಿಸುವುದು ಸರಿ. ಸೊಸೆಯ ಬಳಿ ಆಟಿಸಂ ಎಂಬ ಪದವನ್ನು ಎತ್ತದೆ, "ಇದೊಂದನ್ನು ಡಾಕ್ಟರಿಗೆ ತೋರಿಸೋಣಮ್ಮ, ನಾನೂ ಬರುತ್ತೇನೆ" ಎನ್ನಿ. ತಾಯಿ ಸಾಕಿದ ರೀತಿಯಿಂದ ಆಟಿಸಂ ಬರುವುದಿಲ್ಲ. ಈ ಮಾತನ್ನು ಅವರು ನಿಮ್ಮ ಬಾಯಿಂದಲೇ ಕೇಳಿದರೆ ಅವರಿಗೆ ಬಹಳ ಬಲ ಬರುತ್ತದೆ.

ಪ್ರಶ್ನೆ: ಐದು ತಿಂಗಳ ಮಗು ನಿದ್ದೆಯಿಂದ ಎದ್ದಾಗ ತಲೆ ಬಾಗಿಸಿ ಎರಡೂ ಕೈ ಚಾಚುತ್ತದೆ; ಕೆಲವು ಸೆಕೆಂಡು ಬಿಟ್ಟು ಮತ್ತೆ, ಹೀಗೆ ಹತ್ತಾರು ಸಲ. ಈಚೆಗೆ ನಗುವುದೂ ಕಡಿಮೆಯಾಗಿದೆ. ಇದು ಆಟಿಸಂನ ಆರಂಭವೇ?

ಉತ್ತರ: ಈ ಪತ್ರ ಬರೆದ ತಾಯಿಗೆ ಪತ್ರಿಕೆ ಅಚ್ಚಾಗುವವರೆಗೆ ಕಾಯದೆ ತಿಳಿಸಿದ್ದೇವೆ, ಉಳಿದ ಓದುಗರಿಗಾಗಿ ಇಲ್ಲಿ ಬರೆಯುತ್ತಿದ್ದೇನೆ. ಒಂದರ ಹಿಂದೊಂದು ಸಾಲುಸಾಲಾಗಿ ಬರುವ ಇಂಥ ಬಾಗುವಿಕೆ ಎಳೆಮಕ್ಕಳ ಒಂದು ಬಗೆಯ ಫಿಟ್ಸ್ ಇರಬಹುದು. 1841ರಲ್ಲಿ ಇಂಗ್ಲೆಂಡಿನ ವೈದ್ಯ ವಿಲಿಯಂ ಜೇಮ್ಸ್ ವೆಸ್ಟ್ ಇದನ್ನು ಮೊದಲು ವಿವರಿಸಿದ್ದು ತಮ್ಮ ಸ್ವಂತ ಮಗನಲ್ಲಿ ಕಂಡು. ಹೊಟ್ಟೆನೋವೆಂದೋ ಬೆಚ್ಚಿಬೀಳುವುದೆಂದೋ ಮನೆಯವರು ಇದನ್ನು ದಿನಗಟ್ಟಲೆ ಕಡೆಗಣಿಸುವುದುಂಟು. ಅಷ್ಟರಲ್ಲಿ ಮಗು ಕಲಿತದ್ದನ್ನು ಕಳೆದುಕೊಳ್ಳುತ್ತ ಹೋಗಬಹುದು, ಇಂಥ ಮಕ್ಕಳಲ್ಲಿ ಮುಂದೆ ಆಟಿಸಂ ಕಾಣಿಸಿಕೊಳ್ಳುವ ಸಂಭವವೂ ಹೆಚ್ಚು. ಮಿದುಳಿನ ವಿದ್ಯುತ್ ಚಟುವಟಿಕೆಯನ್ನು ದಾಖಲಿಸುವ ಇಇಜಿ ಪರೀಕ್ಷೆಯಿಂದ ಇದನ್ನು ಗುರುತಿಸುತ್ತಾರೆ, ಔಷಧವೂ ಇದೆ. ಮತ್ತೆ ಹಾಗಾದಾಗ ವಿಡಿಯೋ ಮಾಡಿಕೊಂಡು ಅದೇ ದಿನ ಮಗುವನ್ನು ಆಸ್ಪತ್ರೆಗೆ ಕರೆದೊಯ್ಯಿರಿ. ವಿಡಿಯೋ ಸಿಗಲಿಲ್ಲವೆಂದು ಮಾರನೆಯ ದಿನಕ್ಕೆ ಮುಂದೂಡಬೇಡಿ.